ಕಟ್ಟಿಸಿದವರು ಕಾಣದ ಸಂಸ್ಥೆ

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್‌ಷೆಡ್‌ಜಿ ನಸರ್‌ವಾನ್‌ಜಿ ಟಾಟಾ ಕಣ್ಣು ಮುಚ್ಚಿದಾಗ ಬೆಂಗಳೂರಿನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಗೋಡೆಯೂ ಎದ್ದಿರಲಿಲ್ಲ. ನಿರ್ದೇಶಕರ ನೇಮಕವಾಗಿರಲಿಲ್ಲ, ಸರ್ಕಾರದ ಅಂತಿಮ ಆದೇಶ ಬಂದಿರಲಿಲ್ಲ. ಅವರು ಹಂಬಲಿಸಿದ ಉಕ್ಕಿನ ಕಾರ್ಖಾನೆ ಯಾವ ಊರಲ್ಲಿ ಏಳಬೇಕು ಎಂಬುದೇ ಇನ್ನೂ ಗೊತ್ತಾಗಿರಲಿಲ್ಲ. ಪಶ್ಚಿಮ ಘಟ್ಟದ ಮಳೆನೀರನ್ನು ಕೆರೆ ಕಟ್ಟಿ ನಿಲ್ಲಿಸಿ ಮುಂಬಯಿಗೆ ವಿದ್ಯುತ್ ಕೊಡುವ ಯೋಜನೆ ಕಾಗದದ ಮೇಲೇ ಇತ್ತು. ಕೈಗೆತ್ತಿಕೊಂಡ ನಾಲ್ಕು ದೊಡ್ಡ ಕೆಲಸಗಳಲ್ಲಿ ಅವರು ಕಣ್ಣಾರೆ ಕಂಡದ್ದು ಒಂದನ್ನೇ, ಮುಂಬಯಿಯ ತಾಜ್ ಹೋಟೆಲನ್ನು. ಅದೂ ಸಾಯುವುದಕ್ಕೆ ಐದು ತಿಂಗಳು ಮೊದಲು.

ಪ್ರತಿ ವರ್ಷ ಮಾರ್ಚ್ 3ರಂದು ನಾವು ಸಂಸ್ಥಾಪಕರ ದಿನ ಆಚರಿಸುತ್ತೇವೆ. ಅದು ಅವರು ಹುಟ್ಟಿದ ದಿನ. ಅಂದಿನ ಭಾಷಣಗಳಲ್ಲಿ ಅವರ ದಾನದ ಮಾತು ಬರುತ್ತದೆ, ದೂರದೃಷ್ಟಿಯ ಮಾತು ಬರುತ್ತದೆ. ಅವರ ಕಾಯಿಲೆಗೆ ಒಂದು ವಾಕ್ಯವೂ ಸಿಗುವುದು ಅಪರೂಪ. 1900ರಿಂದ 1904ರವರೆಗಿನ ಆ ನಾಲ್ಕು ವರ್ಷಗಳನ್ನು ಬಿಟ್ಟರೆ ಈ ಸಂಸ್ಥೆಯ ಚರಿತ್ರೆ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ದೇಹ ಸೋಲುತ್ತಿದ್ದ ಆ ದಿನಗಳಲ್ಲಿಯೇ ಅವರು ತಮ್ಮ ಕೆಲಸಗಳನ್ನು, ತಾವಿಲ್ಲದೆಯೂ ನಡೆಯುವಂತೆ, ಒಬ್ಬೊಬ್ಬರ ಹೆಗಲಿಗೆ ಒಪ್ಪಿಸಿದರು. ಈ ಸಂಚಿಕೆಗೆ ಬರೆಯುವ ಅವಕಾಶ ಸಿಕ್ಕಾಗ ಆ ಭಾಗವನ್ನೇ ಆರಿಸಿಕೊಂಡೆ.

ಹಿಂದಿನದನ್ನು ಚಿಕ್ಕದಾಗಿ ಹೇಳಿಬಿಡಬಹುದು. ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತರ ಮನೆತನ. ಪೌರೋಹಿತ್ಯ ಬಿಟ್ಟು ವ್ಯಾಪಾರಕ್ಕೆ ಇಳಿದವರಲ್ಲಿ ತಂದೆ ನಸರ್‌ವಾನ್‌ಜಿಯವರೇ ಮೊದಲಿಗರು. 1839ರಲ್ಲಿ ಹುಟ್ಟಿದ ಮಗ 1858ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದು ಮುಗಿಸಿ ಅಪ್ಪನ ಅಂಗಡಿ ಸೇರಿದರು. ಮರುವರ್ಷವೇ ಹಾಂಗ್‌ಕಾಂಗಿಗೆ ಹಡಗು ಹತ್ತಿದರು. ಮುಂದೆ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ನೆಲ ಕಚ್ಚಿತು, ಮುಂಬಯಿಯ ಎಷ್ಟೋ ಮನೆತನಗಳು ಬೀದಿಗೆ ಬಿದ್ದವು. ಆಗ ಜಮ್‌ಷೆಡ್‌ಜಿ ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳಿಗೆ ಬೆಲೆಯಿಲ್ಲದಂತಾಯಿತು. ಇಪ್ಪತ್ತಾರರ ಆ ಯುವಕ ಸಾಲಗಾರರಿಂದ ತಲೆ ಮರೆಸಿಕೊಳ್ಳಲಿಲ್ಲ. ಅವರ ಬಳಿಗೆ ತಾವಾಗಿಯೇ ಹೋಗಿ ಇದ್ದ ಸ್ಥಿತಿಯನ್ನು ಇದ್ದ ಹಾಗೆ ಹೇಳಿದರು. ಅವರ ಪ್ರಾಮಾಣಿಕತೆ ಕಂಡ ಸಾಲಗಾರರು, ವ್ಯವಹಾರ ಚುಕ್ತಾ ಮಾಡುವ ಕೆಲಸವನ್ನು ತಿಂಗಳಿಗೆ 20 ಪೌಂಡ್ ಸಂಬಳದ ಮೇಲೆ ಅವರಿಗೇ ವಹಿಸಿದರು. ಕೆಟ್ಟ ಸುದ್ದಿಯನ್ನು ನೇರವಾಗಿ ನೋಡಿ ಮುಂದಿನ ಕೆಲಸಕ್ಕೆ ಕೈ ಹಾಕುವ ಆ ಗುಣ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್. ಎಲ್ಲರೂ ಮುಂಬಯಿಯಲ್ಲಿ ಗಿರಣಿ ಕಟ್ಟುತ್ತಿದ್ದಾಗ ಇವರು ಹತ್ತಿ ಬೆಳೆಯುವ ನೆಲಕ್ಕೇ ಗಿರಣಿ ಒಯ್ದರು. ಅಲ್ಲಿಯ ಕೆಲಸಗಾರರಿಗೆ 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂತು. ಕಾನೂನು ಇಂಥವನ್ನು ಕೇಳುವ ಕಾಲಕ್ಕೆ ಇನ್ನೂ ಬಹಳ ದೂರವಿತ್ತು. 1887ರಲ್ಲಿ ಹಿರಿಯ ಮಗ ದೊರಾಬ್‌ಜಿ ಮತ್ತು ಹತ್ತಿರದ ಬಂಧು ಆರ್. ಡಿ. ಟಾಟಾ ಇಬ್ಬರನ್ನೂ ಪಾಲುದಾರರನ್ನಾಗಿ ಮಾಡಿಕೊಂಡು ‘ಟಾಟಾ ಅಂಡ್ ಸನ್ಸ್’ ಸ್ಥಾಪಿಸಿದರು. ಈ ಇಬ್ಬರ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೈಸೂರು ಸಂಸ್ಥಾನದೊಡನೆ ಅವರ ನಂಟು ಶುರುವಾದದ್ದು ವಿಜ್ಞಾನದಿಂದಲ್ಲ, ರೇಷ್ಮೆಯಿಂದ. ನಮ್ಮ ಸೀಮೆಯ ರೇಷ್ಮೆ ಹುಳುಗಳಿಗೆ ರೋಗ ತಗುಲಿ ಕಸುಬು ಸೊರಗಿತ್ತು. ಜಪಾನಿನಲ್ಲಿ ರೇಷ್ಮೆ ಸಾಕುವ ಕ್ರಮ ಕಂಡಿದ್ದ ಜಮ್‌ಷೆಡ್‌ಜಿ, 1890ರ ದಶಕದಲ್ಲಿ ಸಂಸ್ಥಾನದ ನೆರವು ಪಡೆದು ಬೆಂಗಳೂರಿನಲ್ಲಿ ಒಂದು ಪ್ರಯೋಗ ತೋಟ ತೆರೆದರು. ಜಪಾನಿನಿಂದ ತಜ್ಞ ದಂಪತಿಯನ್ನು ಕರೆಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆಯನ್ನು ಆರಿಸುವುದು, ಹಿಪ್ಪುನೇರಳೆ ಬೆಳೆಸುವುದು, ನೂಲು ಬಿಚ್ಚುವುದು, ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ತೋಟ ಹೋಗಿ ನೂರು ವರ್ಷ ಕಳೆದರೂ ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಎಂದರೆ ಬಸ್ಸಿನವರಿಗೂ ಆಟೋದವರಿಗೂ ಗೊತ್ತು.

ಇನ್ನೊಂದು ನಂಟು ಮನೆತನದ್ದು. ಮೈಸೂರಿನಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಹಾರ್ಮಸ್‌ಜಿ ಭಾಭಾ ಎಂಬ ಪಾರ್ಸಿ ಶಿಕ್ಷಣತಜ್ಞರು. ಅವರ ಮಗಳು ಮೆಹರ್‌ಬಾಯಿ ಜಮ್‌ಷೆಡ್‌ಜಿಯವರ ಹಿರಿಯ ಸೊಸೆಯಾದರು.

ಇನ್ನು ಸಂಸ್ಥೆಯ ವಿಷಯ. ಸಂಶೋಧನೆಗೇ ಮೀಸಲಾದ ವಿಶ್ವವಿದ್ಯಾಲಯವೊಂದು ಬೇಕು ಎಂದು ಅವರು 1898ರಲ್ಲಿ ಬಹಿರಂಗವಾಗಿ ಹೇಳಿ, ಅದಕ್ಕೆ ತಮ್ಮ ಮುಂಬಯಿಯ ಕಟ್ಟಡ ಮತ್ತು ಜಮೀನುಗಳನ್ನು ಬರೆದುಕೊಡಲು ಮುಂದಾದರು. ಅಂದಿನ ಬೆಲೆಯಲ್ಲಿ ಅವು 30 ಲಕ್ಷ ರೂಪಾಯಿ ಬಾಳುತ್ತಿದ್ದವು. ತಮ್ಮ ಹೆಸರು ಸಂಸ್ಥೆಗೆ ಬೇಡ ಎಂದರು. ಆ ವರ್ಷ ನವೆಂಬರ್ 23ರಂದು ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು, 1893ರಲ್ಲಿ ಜಪಾನಿನಿಂದ ಹೊರಟ ಹಡಗಿನಲ್ಲಿ ಆದ ಪರಿಚಯವನ್ನು ನೆನಪಿಸಿ ಈ ಕೆಲಸಕ್ಕೆ ಅವರ ಬೆಂಬಲ ಕೋರಿದರು. ಬುರ್ಜೋರ್‌ಜಿ ಪಾದ್‌ಷಾ ಎಂಬ ವಿದ್ವಾಂಸರನ್ನು ದೇಶವಿದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳಿಸಿದ್ದರು. ಯೋಜನೆಯ ಕರಡು ರೂಪುಗೊಂಡದ್ದು ಅವರ ಕೈಯಲ್ಲಿ.

1898ರ ಡಿಸೆಂಬರ್ 31ರಂದು, ಹೊಸ ವೈಸ್‌ರಾಯ್ ಕರ್ಜನ್ ಮುಂಬಯಿಗೆ ಬಂದಿಳಿದ ಮರುದಿನವೇ, ನಿಯೋಗವೊಂದು ಅವರ ಮುಂದೆ ಯೋಜನೆಯನ್ನಿಟ್ಟಿತು. ಕರ್ಜನ್ ಉತ್ಸಾಹ ತೋರಲಿಲ್ಲ. ಇಂಥ ಮೇಲ್ಮಟ್ಟದ ಓದಿಗೆ ಸಾಕಷ್ಟು ವಿದ್ಯಾರ್ಥಿಗಳು ಸಿಗುತ್ತಾರೆಯೇ, ಓದಿದವರಿಗೆ ಕೆಲಸ ಎಲ್ಲಿದೆ ಎಂದು ಕೇಳಿದರು. ಆಮೇಲೆ ಸಮಿತಿಗಳು ಬಂದವು. 1900ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ದೇಶವನ್ನೆಲ್ಲ ಸುತ್ತಿ ಬೆಂಗಳೂರೇ ತಕ್ಕ ಜಾಗ ಎಂದರು. ಸರ್ಕಾರ ಅಲ್ಲಿಗೂ ತೃಪ್ತವಾಗದೆ ಮ್ಯಾಸನ್ ಮತ್ತು ಕ್ಲಿಬ್ಬರ್ನ್ ಎಂಬಿಬ್ಬರಿಂದ ಮತ್ತೊಂದು ವರದಿ ತರಿಸಿಕೊಂಡಿತು. ಒಬ್ಬ ಮನುಷ್ಯ ತನ್ನ ಸ್ವಂತ ಆಸ್ತಿ ಕೊಡುತ್ತೇನೆ ಎಂದು ಕೈ ಚಾಚಿ ನಿಂತಿರುವಾಗ ವರ್ಷಗಟ್ಟಲೆ ಕಾಯಿಸಿದ್ದನ್ನು ಇಂದು ಓದುವಾಗಲೂ ಸಂಕಟವಾಗುತ್ತದೆ. ಆ ಮನುಷ್ಯನ ಬಳಿ ಉಳಿದಿದ್ದ ಕಾಲ ಎಷ್ಟು ಕಡಿಮೆ ಎಂದು ಗೊತ್ತಿರುವುದರಿಂದ ಇನ್ನೂ ಹೆಚ್ಚು.

ಮೈಸೂರು ಹಾಗೆ ಕಾಯಿಸಲಿಲ್ಲ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರೀಜೆನ್ಸಿಯ ಕಾಲ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಭೂಮಿ ಕೊಡುತ್ತೇವೆ, ಹಣವನ್ನೂ ಕೊಡುತ್ತೇವೆ ಎಂದು ಸಂಸ್ಥಾನ ಮುಂದೆ ಬಂತು. ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಹರಿಸುವ ಯೋಜನೆ ಹೂಡಿದ್ದ ದಿವಾನರಿಗೆ ಜಮ್‌ಷೆಡ್‌ಜಿಯವರ ಮಾತು ಅರ್ಥವಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಶೇಷಾದ್ರಿ ಅಯ್ಯರ್ ಕೂಡ ಆಗ ಅನಾರೋಗ್ಯದಲ್ಲಿದ್ದರು. 1901ರಲ್ಲಿ ಅಧಿಕಾರ ಬಿಟ್ಟು ಅದೇ ವರ್ಷ ತೀರಿಕೊಂಡರು. 1902ರಲ್ಲಿ ಕೋಲಾರಕ್ಕೆ ಹರಿದ ವಿದ್ಯುತ್ತನ್ನೂ ಅವರು ನೋಡಲಿಲ್ಲ, ಈ ಸಂಸ್ಥೆಯನ್ನೂ ನೋಡಲಿಲ್ಲ. ನಮ್ಮ ಸಂಸ್ಥಾಪಕರನ್ನು ನೆನೆಯುವಾಗ ದಿವಾನರನ್ನು ಮರೆಯುವುದು ತಪ್ಪಾಗುತ್ತದೆ.

ಜಮ್‌ಷೆಡ್‌ಜಿ ಗಂಭೀರವಾಗಿ ಕಾಯಿಲೆ ಬಿದ್ದದ್ದು 1900ರಲ್ಲಿ, ವ್ಯವಹಾರಕ್ಕೆಂದು ಜರ್ಮನಿಗೆ ಹೋಗಿದ್ದಾಗ. ಆ ಮೇಲೆ ಮೊದಲಿನ ಆರೋಗ್ಯ ಮರಳಲಿಲ್ಲ. ಸೋಲುತ್ತಿದ್ದ ಹೃದಯಕ್ಕೆ ಆ ಕಾಲದ ವೈದ್ಯರ ಬಳಿ ಡಿಜಿಟಾಲಿಸ್ ಎಂಬ ಗಿಡಮೂಲಿಕೆಯ ಔಷಧಿ, ವಿಶ್ರಾಂತಿ, ಪಥ್ಯ, ಹವಾ ಬದಲಾವಣೆ ಇಷ್ಟೇ ಇದ್ದದ್ದು. ಆಪರೇಷನ್ ಎಂಬ ಮಾತೇ ಇಲ್ಲ. ಅರವತ್ತು ದಾಟಿದ, ಬೇಕಾದಷ್ಟು ಗಳಿಸಿದ, ಮಕ್ಕಳು ಕೈಗೆ ಬಂದ ಯಜಮಾನರು ಅಂಥ ಹೊತ್ತಿನಲ್ಲಿ ಮನೆಯಲ್ಲಿ ಕೂತಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ.

1902ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಕಬ್ಬಿಣದ ಸಲುವಾಗಿ. ಅಟ್ಲಾಂಟಿಕ್ ದಾಟಿ, ಕುಲುಮೆಗಳ ಊರಾದ ಪಿಟ್ಸ್‌ಬರ್ಗ್, ಅದಿರಿನ ವ್ಯಾಪಾರದ ಕ್ಲೀವ್‌ಲ್ಯಾಂಡ್, ಹೀಗೆ ಊರಿಂದೂರಿಗೆ ರೈಲಿನಲ್ಲಿ ತಿರುಗಿದರು. ಜೂಲಿಯನ್ ಕೆನಡಿ ಎಂಬ ಹೆಸರಾಂತ ಉಕ್ಕಿನ ಎಂಜಿನಿಯರ್ ಅವರಿಗೆ ಹೇಳಿದ್ದು ಒಂದೇ: ಮೊದಲು ನೆಲ ಪರೀಕ್ಷೆ ಮಾಡಿಸಿ, ಅದಕ್ಕೆ ಚಾರ್ಲ್ಸ್ ಪೇಜ್ ಪೆರಿನ್ ತಕ್ಕವರು. ಮುಂದೆ ನಡೆದದ್ದನ್ನು ಪೆರಿನ್ ಅವರೇ ನೆನಪು ಮಾಡಿಕೊಂಡಿದ್ದಾರೆ. ಅವರು ನ್ಯೂಯಾರ್ಕಿನ ತಮ್ಮ ಕಚೇರಿಯಲ್ಲಿ ಲೆಕ್ಕಪತ್ರದ ಮೇಲೆ ಬಗ್ಗಿ ಕೂತಿದ್ದರು. ಬಾಗಿಲು ತೆರೆದು ವಿಚಿತ್ರ ಉಡುಪಿನ ಅಪರಿಚಿತರೊಬ್ಬರು ಒಳಗೆ ಬಂದರು. ನೇರವಾಗಿ ಮೇಜಿನ ಹತ್ತಿರ ನಡೆದು, ಮೊಣಕೈ ಊರಿ, ಮಾತಿಲ್ಲದೆ ಇವರ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಪೆರಿನ್ ನೀವೇ ತಾನೇ ಎಂದು ಕೇಳಿ, ಬಹಳ ದಿನದಿಂದ ಹುಡುಕುತ್ತಿದ್ದ ಮನುಷ್ಯ ಸಿಕ್ಕಿದ ಎಂದರು. ಭಾರತಕ್ಕೆ ಬಂದು ಒಳ್ಳೆಯ ಅದಿರು, ಕೋಕ್ ಆಗಬಲ್ಲ ಕಲ್ಲಿದ್ದಲು, ಸುಣ್ಣಕಲ್ಲು ಹುಡುಕಿ ಕೊಡಬೇಕು, ಕಾರ್ಖಾನೆ ಕಟ್ಟಿಕೊಡಬೇಕು, ಖರ್ಚಿನ ಚಿಂತೆ ಬೇಡ ಎಂದರು. ಪೆರಿನ್ ದಂಗಾಗಿ ಕೂತರು. ಎದುರಿಗಿದ್ದ ಮುಖದಲ್ಲಿ ಕಂಡ ದೃಢತೆಗೂ ಕರುಣೆಗೂ ಸೋತು, ಬರುತ್ತೇನೆ ಎಂದುಬಿಟ್ಟರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಉದ್ಯಮಿಯೊಬ್ಬರ ಚುರುಕುತನದ ಕಥೆಯಾಗಿ ಹೇಳುತ್ತಾರೆ. ಮೇಜಿಗೆ ಮೊಣಕೈ ಊರಿದವರ ಆರೋಗ್ಯ ಆಗ ಹೇಗಿತ್ತು ಎಂಬುದನ್ನು ಅದಕ್ಕೆ ಸೇರಿಸಿ ಓದಬೇಕು. ಹುಡುಕಾಟಕ್ಕೆ ತಾವೇ ಕಾಡುಮೇಡು ಅಲೆಯುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಅಲೆಯಬಲ್ಲವರನ್ನು ಹುಡುಕಿಕೊಂಡು ಅರ್ಧ ಭೂಮಿ ಸುತ್ತಿದರು.

ಅದೇ 1902ರಲ್ಲಿ ಪರದೇಶದಿಂದ ಮಗ ದೊರಾಬ್‌ಜಿಗೆ ಬರೆದ ಕಾಗದವೊಂದಿದೆ. ಇನ್ನೂ ಜಾಗವೇ ಗೊತ್ತಿಲ್ಲದ ಕಾರ್ಖಾನೆಯ ಸುತ್ತ ಎದ್ದೇಳಬೇಕಾದ ಊರು ಹೇಗಿರಬೇಕು ಎಂದು ಅದರಲ್ಲಿ ವಿವರಿಸಿದ್ದಾರೆ. ಬೀದಿಗಳು ಅಗಲವಾಗಿರಲಿ, ಬೇಗ ಬೆಳೆದು ನೆರಳು ಕೊಡುವ ಮರಗಳನ್ನು ನೆಡಿಸು, ಹುಲ್ಲುಹಾಸು ತೋಟಗಳಿಗೆ ಜಾಗ ಬಿಡು, ಕಾಲ್ಚೆಂಡು, ಹಾಕಿ ಆಡುವುದಕ್ಕೆ ಮೈದಾನ ಇರಲಿ, ದೇವಸ್ಥಾನಕ್ಕೂ ಮಸೀದಿಗೂ ಚರ್ಚಿಗೂ ಸ್ಥಳ ಗುರುತಿಸು ಎಂಬ ತಾತ್ಪರ್ಯ. ಬೇಗ ಬೆಳೆಯುವ ಮರ ಎಂಬ ವಿವರ ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ತಮಗೆ ಆ ನೆರಳು ಸಿಗುವುದಿಲ್ಲ ಎಂದು ಬಲ್ಲವರು, ಗುರುತೇ ಇಲ್ಲದ ಕೂಲಿಯವನಿಗೆ ಅದು ಬೇಗ ಸಿಗಲಿ ಎಂದು ಬಯಸಿದರು.

ತಾಜ್ ಹೋಟೆಲಿನ ಕೆಲಸವೂ ಇದರ ಜೊತೆಜೊತೆಗೇ ನಡೆಯಿತು. ಇಷ್ಟು ದೊಡ್ಡ ಕೆಲಸಗಳ ನಡುವೆ ಊಟದ ಮನೆಯೊಂದನ್ನು ಬೇರೆ ಕಟ್ಟುತ್ತೀಯಾ ಎಂದು ಅವರ ಸಹೋದರಿ ಕೇಳಿದರೆಂದು ಹೇಳುತ್ತಾರೆ. ಹೋಟೆಲಿಗೆ ಬೇಕಾದ ಸಾಮಾನನ್ನು ಅವರು ಯೂರೋಪಿನಲ್ಲಿ ತಿರುಗುವಾಗಲೇ ಕೊಂಡರು. ಕಬ್ಬಿಣದ ಕಂಬಗಳು ಪ್ಯಾರಿಸ್ಸಿನಿಂದ ಬಂದವು. 1903ರ ಡಿಸೆಂಬರ್ 16ರಂದು ಬಾಗಿಲು ತೆರೆದಾಗ ಅದರ ಮುಂದೆ ಸಮುದ್ರವಿತ್ತು. ಗೇಟ್‌ವೇ ಆಫ್ ಇಂಡಿಯಾ ಇನ್ನೂ ಬಂದಿರಲಿಲ್ಲ.

1904ರ ಆರಂಭದಲ್ಲಿ ಚಿಕಿತ್ಸೆಗೆಂದು ಮತ್ತೆ ಯೂರೋಪಿಗೆ ಹೋದರು. ಬಾಡ್ ನೌಹೈಮ್ ಆಗ ಹೃದ್ರೋಗಿಗಳ ಊರು. ಅಲ್ಲಿ ನೆಲದೊಳಗಿನಿಂದ ಉಪ್ಪು ಮತ್ತು ಇಂಗಾಲಾಮ್ಲ ಬೆರೆತ ನೀರು ಬುಗ್ಗೆಯಾಗಿ ಚಿಮ್ಮುತ್ತದೆ. ಆ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ರೋಗಿಯನ್ನು ಕೂರಿಸಿದರೆ ಮೈಮೇಲೆಲ್ಲ ಸಣ್ಣ ಗುಳ್ಳೆಗಳು ಕಟ್ಟಿಕೊಳ್ಳುತ್ತವೆ, ಚರ್ಮ ಕೆಂಪೇರುತ್ತದೆ. ಹೃದಯದ ಮೇಲಿನ ಹೊರೆ ಅದರಿಂದ ಇಳಿಯುತ್ತದೆ ಎಂಬುದು ಅಲ್ಲಿಯ ವೈದ್ಯರ ನಂಬಿಕೆ. ಸ್ನಾನದ ಜೊತೆ ನಿಧಾನವಾದ ಅಂಗಸಾಧನೆಯನ್ನೂ ಮಾಡಿಸುತ್ತಿದ್ದರು. ಯೂರೋಪಿನ ಸಿರಿವಂತರೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಜಮ್‌ಷೆಡ್‌ಜಿಯವರಿಗೆ ಅದರಿಂದ ಗುಣ ಕಾಣಲಿಲ್ಲ.

ಇತ್ತ ಅದೇ ವರ್ಷ ಫೆಬ್ರವರಿ 24ರಂದು ಭೂವಿಜ್ಞಾನಿ ಪ್ರಮಥನಾಥ ಬೋಸ್ ಒಂದು ಪತ್ರ ಬರೆದರು. ಮಯೂರ್‌ಭಂಜ್ ಸಂಸ್ಥಾನದ ಗುಡ್ಡಗಳಲ್ಲಿ ಹೇರಳವಾಗಿ ಒಳ್ಳೆಯ ಕಬ್ಬಿಣದ ಅದಿರಿದೆ ಎಂಬ ಸುದ್ದಿ ಅದರಲ್ಲಿತ್ತು. ಮುಂದೆ ಕಾರ್ಖಾನೆಯ ಹಣೆಬರಹ ಬರೆದದ್ದು ಆ ಪತ್ರವೇ. ಪೆರಿನ್ನರ ಜೊತೆಗಾರ ಸಿ. ಎಂ. ವೆಲ್ಡ್ ಆಗಲೇ ದೊರಾಬ್‌ಜಿಯವರೊಡನೆ ಸೇರಿ ಹುಡುಕಾಟಕ್ಕೆ ತೊಡಗಿದ್ದರು. ಯಜಮಾನರು ಹಾಸಿಗೆ ಹಿಡಿದರು ಎಂದು ಕೆಲಸ ನಿಲ್ಲಲಿಲ್ಲ.

ಕೊನೆಯ ದಿನಗಳಲ್ಲಿ ಬಂಧು ಆರ್. ಡಿ. ಟಾಟಾ ಹತ್ತಿರವಿದ್ದರು. ನೆಂಟರಿಷ್ಟರಿಗೆ ಜಮ್‌ಷೆಡ್‌ಜಿ ಹೇಳಿದ ಮಾತಿನ ಸಾರ ಇಷ್ಟು: ಆರಂಭಿಸಿದ್ದನ್ನು ಸಡಿಲ ಬಿಡಬೇಡಿ, ಸಾಧ್ಯವಾದರೆ ಬೆಳೆಸಿ; ಬೆಳೆಸಲಾಗದಿದ್ದರೆ ಇರುವುದನ್ನಾದರೂ ಉಳಿಸಿಕೊಳ್ಳಿ. ಸಾಯುವವರ ಬಾಯಲ್ಲಿ ಇದು ತೀರ ವ್ಯವಹಾರದ ಮಾತು ಎಂದು ಯಾರಿಗಾದರೂ ಅನ್ನಿಸೀತು. ನನಗೆ ಹಾಗೆ ಕಾಣುವುದಿಲ್ಲ. ಹಿರಿಯರೊಬ್ಬರು ಮನೆಮಂದಿಯ ಮೇಲೆ ಹೊರೆ ಹೊರಿಸುವಾಗ ಅದನ್ನು ಇಳಿಸಿಕೊಳ್ಳುವ ದಾರಿಯನ್ನೂ ತೋರಿಸಿದ್ದಾರೆ: ನನ್ನಷ್ಟು ಮಾಡಲಾಗದಿದ್ದರೆ ನೊಂದುಕೊಳ್ಳಬೇಡಿ, ಇರುವುದನ್ನು ಕಾಪಾಡಿದರೂ ಸಾಕು ಎಂದು. ಪ್ರೀತಿಯಿದ್ದವರಷ್ಟೇ ಹಾಗೆ ಮಾತನಾಡುತ್ತಾರೆ. ಇಂಗ್ಲೆಂಡಿನ ವೋಕಿಂಗ್ ಬಳಿಯ ಬ್ರೂಕ್‌ವುಡ್‌ನ ಪಾರ್ಸಿ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಅದಾಗಿ ಎರಡು ತಿಂಗಳಿಗೆ ಪ್ಯಾರಿಸ್ಸಿನಲ್ಲಿ ಆರ್. ಡಿ. ಟಾಟಾ ಅವರಿಗೆ ಗಂಡು ಮಗು ಹುಟ್ಟಿತು. ಅದೇ ಮುಂದೆ ಐದು ದಶಕ ಆ ಮನೆತನದ ಉದ್ಯಮವನ್ನು ನಡೆಸಿದ ಜೆ. ಆರ್. ಡಿ. ಟಾಟಾ.

ಜಮ್‌ಷೆಡ್‌ಜಿ ಸತ್ತಾಗ ಸಂಸ್ಥೆಗೆಂದು ಎತ್ತಿಟ್ಟ ಆಸ್ತಿ ಇನ್ನೂ ಸಂಸ್ಥೆಯ ಕೈ ಸೇರಿರಲಿಲ್ಲ. ಸರ್ಕಾರವೇ ತಡ ಮಾಡಿತು ಎಂದು ಹೇಳಿ ದೊರಾಬ್‌ಜಿ ಮತ್ತು ತಮ್ಮ ರತನ್‌ಜಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ತಂದೆ ಕೊಟ್ಟ ಮಾತನ್ನು ಪೂರ್ತಿಯಾಗಿ ನಡೆಸಿದರು. 1906ರಲ್ಲಿ, ರಾಮ್ಸೆಯವರ ಜೊತೆಗೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದಿದ್ದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರಾದರು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 371 ಎಕರೆ ಭೂಮಿ ಕೊಟ್ಟರು; ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷವರ್ಷವೂ 50,000 ರೂಪಾಯಿ ಮೈಸೂರಿನ ಪಾಲು. 1909ರ ಮೇ 27ರಂದು ಭಾರತ ಸರ್ಕಾರದ ಆದೇಶ ಹೊರಬಿತ್ತು, ಸಂಸ್ಥಾಪಕರು ತೀರಿಕೊಂಡು ಐದು ವರ್ಷವಾದ ಮೇಲೆ. 1911ರಲ್ಲಿ ಮಹಾರಾಜರು ಅಡಿಗಲ್ಲು ಇಟ್ಟರು, ಆ ವರ್ಷ ಜುಲೈನಲ್ಲಿ ರಸಾಯನ ವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನದ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಬಂದು ಸೇರಿದರು. ವಿದ್ಯಾರ್ಥಿಗಳು ಎಲ್ಲಿದ್ದಾರೆ ಎಂಬ ಕರ್ಜನ್ನರ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೆಸರು ಬೇಡ ಎಂದವರ ಹೆಸರನ್ನು ಬೆಂಗಳೂರಿನ ಜನ ಬಿಡಲಿಲ್ಲ. ಇಂದಿಗೂ ಈ ಕಡೆ ಬರುವವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಟಿಕೆಟ್ ಕೇಳುತ್ತಾರೆ.

ಉಳಿದೆರಡೂ ಕೈಗೂಡಿದವು. ಉಕ್ಕಿನ ಕಂಪನಿ 1907ರಲ್ಲಿ ನೋಂದಣಿಯಾಯಿತು. ಲಂಡನ್ನಿನ ಪೇಟೆ ಕೈ ಕೊಟ್ಟಾಗ ಮುಂಬಯಿಯಲ್ಲಿ ಭಾರತೀಯರೇ ಷೇರು ಕೊಂಡು ಮೂರು ವಾರದೊಳಗೆ ಬಂಡವಾಳ ತುಂಬಿಸಿದರು. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಸೇರುವಲ್ಲಿ, ಸಾಕ್ಚಿ ಎಂಬ ಹಳ್ಳಿಯಲ್ಲಿ, 1912ರ ಫೆಬ್ರವರಿಯಲ್ಲಿ ಮೊದಲ ಉಕ್ಕು ಹೊರಬಂತು. ಆ ಊರಿಗೆ 1919ರಲ್ಲಿ ಜಮ್‌ಷೆಡ್‌ಪುರ ಎಂದು ಹೆಸರಿಟ್ಟರು. ಘಟ್ಟದ ನೀರಿನ ವಿದ್ಯುತ್ತು 1915ರಲ್ಲಿ ಮುಂಬಯಿಗೆ ಹರಿಯಿತು.

ಕಾಯಿಲೆ ಆ ಮನೆತನವನ್ನು ಮತ್ತೆ ಕಾಡಿತು. ಮೈಸೂರಿನಿಂದ ಹೋದ ಸೊಸೆ ಮೆಹರ್‌ಬಾಯಿ 1931ರ ಜೂನ್‌ನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೊರಾಬ್‌ಜಿಯವರಿಗೆ ಮಕ್ಕಳಿರಲಿಲ್ಲ. ಹೆಂಡತಿಯ ಹೆಸರಿನಲ್ಲಿ ಆ ರೋಗದ ಸಂಶೋಧನೆಗೇ ಒಂದು ಟ್ರಸ್ಟ್ ಏರ್ಪಡಿಸಿದರು, ಉಳಿದ ತಮ್ಮ ಆಸ್ತಿಯನ್ನೆಲ್ಲ ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟರು. ಮರುವರ್ಷ ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗನ್‌ನಲ್ಲಿ, ತಂದೆಯ ಹಾಗೆ ಪರನೆಲದಲ್ಲಿ, ತೀರಿಕೊಂಡರು. ಅವರಿಗೂ ಬ್ರೂಕ್‌ವುಡ್‌ನಲ್ಲೇ ಜಾಗವಾಯಿತು. 1941ರಲ್ಲಿ ಮುಂಬಯಿಯಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಹಿಂದೆ ಇರುವುದು ದೊರಾಬ್‌ಜಿ ಟ್ರಸ್ಟಿನ ಹಣ.

ಆ ಹಣದಲ್ಲಿ ಒಂದು ಪಾಲು ಬೆಂಗಳೂರಿಗೂ ಬಂತು. ಮೆಹರ್‌ಬಾಯಿಯವರ ಸೋದರಳಿಯ ಹೋಮಿ ಭಾಭಾ 1939ರಲ್ಲಿ ಕೇಂಬ್ರಿಜ್‌ನಿಂದ ರಜೆಯ ಮೇಲೆ ಬಂದವರು ಯುದ್ಧದಿಂದಾಗಿ ಹಿಂದಿರುಗಲಾಗದೆ, ಸಿ. ವಿ. ರಾಮನ್ ಇದ್ದ ನಮ್ಮ ಸಂಸ್ಥೆಯ ಭೌತವಿಜ್ಞಾನ ವಿಭಾಗ ಸೇರಿದರು. ವಿಶ್ವಕಿರಣಗಳ ಸಂಶೋಧನೆಗೆ ಇಲ್ಲಿ ಅವರ ಘಟಕ ನಡೆದದ್ದು ದೊರಾಬ್‌ಜಿ ಟ್ರಸ್ಟಿನ ನೆರವಿನಿಂದ. 1944ರ ಮಾರ್ಚ್‌ನಲ್ಲಿ ಅವರು ಅದೇ ಟ್ರಸ್ಟಿಗೆ ಕಾಗದ ಬರೆದು, ಮೂಲವಿಜ್ಞಾನಕ್ಕೆ ಹೊಸ ಸಂಸ್ಥೆಯೊಂದು ಬೇಕೆಂದು ಕೇಳಿದರು. ಟ್ರಸ್ಟ್ ಒಪ್ಪಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಕೆಲಸ ಆರಂಭಿಸಿದ್ದು ಇದೇ ಆವರಣದಲ್ಲಿ. ಆ ವರ್ಷದ ಕೊನೆಯಲ್ಲಿ ಅದು ಮುಂಬಯಿಗೆ ಹೋಯಿತು.